ಸ್ಟೈಲ್‌ಶೀಟ್ ಕುಗ್ಗಿಸಿದ ಮೇಲೆ ಪುಟ ಕೆಟ್ಟಿತೇ? ಲಕ್ಷಣ ನೋಡಿ ದೋಷ ಹುಡುಕುವುದು

ರಾತ್ರಿ ಎಂಟೂವರೆಗೆ ಫೋನ್ ಬಂತು. ಆ ಕಡೆ ಯಕ್ಷಗಾನ ಮೇಳದ ಮ್ಯಾನೇಜರ್. "ಎಂತ ಮಾರಾಯ್ರೆ, ಪುಟ ಪೂರಾ ಬೋಳು ಉಂಟಲ್ಲ? ಇವತ್ತಿನ ಆಟ ಎಲ್ಲಿ ಅಂತ ಜನ ನನಗೇ ಫೋನ್ ಮಾಡ್ತಿದ್ದಾರೆ."

ನಾನು ಉಡುಪಿಯಲ್ಲಿ ಕೂತು ಚಿಕ್ಕಪುಟ್ಟ ವೆಬ್‌ಸೈಟ್ ಮಾಡುವವನು. ದೀಪಾವಳಿ ಕಳೆದು ತಿರುಗಾಟ ಶುರುವಾದರೆ ಮೇ 24ರ ಹೊತ್ತಿಗೆ ಬರುವ ಪತ್ತನಾಜೆವರೆಗೆ ಮೇಳಕ್ಕೆ ದಿನಾ ಒಂದೊಂದು ಊರು. ಆ ಪಟ್ಟಿಯನ್ನು ಜನ ನೋಡುವುದು ಮೊಬೈಲಿನಲ್ಲಿ. ಹೆಬ್ರಿ, ಅಮಾಸೆಬೈಲು ಕಡೆ ಸಿಗ್ನಲ್ ಒಂದು ಕಡ್ಡಿ ಬಂದರೆ ಪುಣ್ಯ. ಹಾಗಾಗಿ ಸ್ಟೈಲ್‌ಶೀಟನ್ನು, ಅಂದರೆ ಪುಟದ ಬಣ್ಣ, ಅಳತೆ, ಜೋಡಣೆ ಹೇಳುವ ಸಿಎಸ್‌ಎಸ್ ಫೈಲನ್ನು, ಖಾಲಿ ಜಾಗ, ಕಾಮೆಂಟ್ ತೆಗೆದು ಸ್ವಲ್ಪ ಸಣ್ಣ ಮಾಡೋಣ ಅಂತ ಆ ಸಂಜೆ ಟರ್ಮಿನಲ್ ತೆರೆದಿದ್ದೆ. ಮುಂದಿನ ಕತೆ ಕೆಳಗೆ ಬರುತ್ತದೆ.

ನಾನು ಬಳಸುವುದು ಕ್ಲೀನ್-ಸಿಎಸ್‌ಎಸ್. ಇದು ಸ್ಟೈಲ್‌ಶೀಟ್ ಕುಗ್ಗಿಸುವ, ನೋಡ್ ಜೆಎಸ್ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಮೇಲೆ ಓಡುವ ಟೂಲ್. ಬೇರೆ ಟೂಲ್ ಬಳಸುವವರಿಗೂ ಲಕ್ಷಣಗಳು ಹೆಚ್ಚುಕಡಿಮೆ ಇವೇ. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.

## ಕೈ ಹಾಕುವ ಮೊದಲು

ಲೈವ್ ಸೈಟ್ ಕೆಟ್ಟಿದ್ದರೆ ಮೊದಲು ಕುಗ್ಗಿಸದ ಹಳೆಯ ಫೈಲನ್ನು ವಾಪಸ್ ಹಾಕಿ. ಎರಡು ನಿಮಿಷದ ಕೆಲಸ. ಸೈಟ್ ಕೆಲವು ಕೆಬಿ ದಪ್ಪ ಇದ್ದರೆ ಯಾರೂ ಫೋನ್ ಮಾಡುವುದಿಲ್ಲ, ಬೋಳಾಗಿದ್ದರೆ ಎಲ್ಲರೂ ಮಾಡುತ್ತಾರೆ. ಕಾರಣವನ್ನು ಆಮೇಲೆ ನಿಧಾನಕ್ಕೆ ಹುಡುಕಬಹುದು.

ನೀವು ಕೈಯಾರೆ ಬರೆದ ಮೂಲ ಫೈಲ್ ಒಂದು ಫೋಲ್ಡರಿನಲ್ಲಿ, ಟೂಲ್ ಕೊಟ್ಟ ಫೈಲ್ ಇನ್ನೊಂದರಲ್ಲಿ ಇರಲಿ. ಮೂಲ ಫೈಲ್ ಗಿಟ್‌ನಲ್ಲಿ (ಹಳೆಯ ಪ್ರತಿಗಳನ್ನು ಕಾಪಾಡುವ ಟೂಲ್) ಕಮಿಟ್ ಆಗಿರಲಿ. ಸರ್ವರ್ ಒಳಗೇ ಲಾಗಿನ್ ಆಗಿ ಅಲ್ಲೇ ಕುಗ್ಗಿಸುವ ಸಾಹಸ ಬೇಡ. ದುಡ್ಡು ಕಟ್ಟುವ ಪುಟ ಇರುವ ಸೈಟಾದರೆ ಅಂಗಡಿ ಬಾಗಿಲು ಹಾಕಿದ ಮೇಲೆ, ವ್ಯವಹಾರ ಕಮ್ಮಿ ಇರುವ ಹೊತ್ತಿನಲ್ಲಿ ಮಾತ್ರ ಬದಲಾಯಿಸಿ.

## ಕಮಾಂಡೇ ಸಿಗುತ್ತಿಲ್ಲ ಅನ್ನುತ್ತದೆ

ಇನ್‌ಸ್ಟಾಲ್ ಆಯಿತು, ಆದರೂ ಕಮಾಂಡ್ ಇಲ್ಲ ಅನ್ನುತ್ತದೆಯೇ? ಯಾವ ಪ್ಯಾಕೇಜ್ ಹಾಕಿದ್ದೀರಿ ಅಂತ ನೋಡಿ. 4ನೇ ಆವೃತ್ತಿಯಿಂದ ಕ್ಲೀನ್-ಸಿಎಸ್‌ಎಸ್ ಎರಡು ಭಾಗವಾಗಿದೆ. ಬರೀ 'ಕ್ಲೀನ್-ಸಿಎಸ್‌ಎಸ್' ಹಾಕಿದರೆ ಲೈಬ್ರರಿ ಮಾತ್ರ ಬರುತ್ತದೆ. ಟರ್ಮಿನಲ್‌ನಲ್ಲಿ ಓಡಬೇಕಾದರೆ ಹೆಸರಿನ ಕೊನೆಗೆ 'ಸಿಎಲ್‌ಐ' ಇರುವ ಪ್ಯಾಕೇಜ್ ಬೇಕು. ಕಮಾಂಡಿನ ಹೆಸರು ಮಾತ್ರ ನಡುವೆ ಹೈಫನ್ ಇಲ್ಲದ 'ಕ್ಲೀನ್‌ಸಿಎಸ್‌ಎಸ್'. ಇದನ್ನು ಒಮ್ಮೆಯಾದರೂ ತಪ್ಪು ಹೊಡೆಯದವರು ಕಮ್ಮಿ.

ವಿಂಡೋಸ್ ಪವರ್‌ಶೆಲ್ 'ಈ ಸಿಸ್ಟಮ್‌ನಲ್ಲಿ ಸ್ಕ್ರಿಪ್ಟ್ ಓಡಿಸುವುದನ್ನು ನಿಲ್ಲಿಸಲಾಗಿದೆ' ಎಂಬ ಅರ್ಥದ ಕೆಂಪು ಸಾಲು ತೋರಿಸಿದರೆ ಟೂಲ್ ಸರಿಯಾಗಿಯೇ ಇದೆ, ತಡೆಯುತ್ತಿರುವುದು ವಿಂಡೋಸ್. ಸುಮ್ನೆ ಹಳೆಯ ಕಮಾಂಡ್ ಪ್ರಾಂಪ್ಟ್ ತೆರೆದು ಅದೇ ಕಮಾಂಡ್ ಹೊಡೆಯಿರಿ, ಓಡುತ್ತದೆ. ಕಚೇರಿಯ ಕಂಪ್ಯೂಟರಾದರೆ ಆ ಸುರಕ್ಷತಾ ಸೆಟ್ಟಿಂಗ್ ನೀವಾಗಿ ಸಡಿಲಿಸಬೇಡಿ, ಸಿಸ್ಟಮ್ ನೋಡಿಕೊಳ್ಳುವವರನ್ನು ಕೇಳಿ.

ಲಿನಕ್ಸ್‌ನಲ್ಲಿ ಅನುಮತಿ ಇಲ್ಲ ಎಂದಾಗ ಮುಂದೆ 'ಸುಡೋ' (ಅಡ್ಮಿನ್ ಅಧಿಕಾರದಲ್ಲಿ ಓಡಿಸು ಎಂಬ ಪದ) ಸೇರಿಸುವ ಅಭ್ಯಾಸ ಬಹಳ ಜನರಿಗೆ ಇದೆ. ಬೇಡ. ಪ್ರಾಜೆಕ್ಟ್ ಫೋಲ್ಡರಿನ ಒಳಗೇ ಇನ್‌ಸ್ಟಾಲ್ ಮಾಡಿ 'ಎನ್‌ಪಿಎಕ್ಸ್' ಮೂಲಕ ಓಡಿಸಿದರೆ ಸಾಕು.

## ಪುಟ ಪೂರಾ ಬೋಳು, ಫೈಲ್ 0 ಬೈಟ್

ಆ ರಾತ್ರಿ ನನ್ನದು ಇದೇ ಆಗಿತ್ತು. ಹೆಸರುಗಳೆಲ್ಲ ಬರೀ ಕಪ್ಪು ಅಕ್ಷರ, ಲಿಂಕ್‌ಗಳು ನೀಲಿ, ಎಲ್ಲ ಎಡಕ್ಕೆ ಅಂಟಿಕೊಂಡಿವೆ. ಸರ್ವರ್‌ನಲ್ಲಿ ಸ್ಟೈಲ್‌ಶೀಟ್ ಇತ್ತು. ಅದರ ಗಾತ್ರ ಮಾತ್ರ 0.

ನಾನು ಹೊಡೆದ ಕಮಾಂಡ್ ಇಷ್ಟು: ಕ್ಲೀನ್‌ಸಿಎಸ್‌ಎಸ್, ಫೈಲಿನ ಹೆಸರು, ನಂತರ '>' ಚಿಹ್ನೆ, ಮತ್ತೆ ಅದೇ ಫೈಲಿನ ಹೆಸರು. ಕುಗ್ಗಿಸಿದ್ದು ಅದೇ ಹೆಸರಲ್ಲಿ ಕೂತರೆ ಪುಟದ ಲಿಂಕ್ ಬದಲಾಯಿಸುವುದು ಬೇಡವಲ್ಲ ಎಂಬ ಸೋಮಾರಿತನ. ಆದರೆ '>' ಕಂಡ ಕೂಡಲೇ ಶೆಲ್ (ನಾವು ಹೊಡೆದ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ) ಮೊದಲು ಆ ಫೈಲನ್ನು ಬರೆಯಲು ತೆರೆದು ಖಾಲಿ ಮಾಡುತ್ತದೆ. ಟೂಲ್ ಎದ್ದು ಕಣ್ಣುಜ್ಜಿಕೊಂಡು ಓದಲು ಹೋಗುವಷ್ಟರಲ್ಲಿ ಒಳಗೆ ಏನೂ ಇಲ್ಲ. ಖಾಲಿಯನ್ನು ಕುಗ್ಗಿಸಿ ಖಾಲಿ ಕೊಡುತ್ತದೆ. ತಪ್ಪು ಸಂದೇಶವೂ ಇಲ್ಲ, ಎಲ್ಲ ಸಲೀಸು.

ನಿಮಗೂ ಹೀಗಾಗಿದ್ದರೆ ಗಾಬರಿ ಬೇಡ. ಫೈಲ್ ಎಡಿಟರಿನಲ್ಲಿ ಇನ್ನೂ ತೆರೆದಿದ್ದರೆ ಅದನ್ನು ಮುಚ್ಚಬೇಡಿ, ಅನ್‌ಡೂ ಮಾಡಿ ಸೇವ್ ಮಾಡಿ. ಗಿಟ್ ಇದ್ದರೆ ಹಿಂದಿನ ಪ್ರತಿ ತೆಗೆಯಿರಿ. ಎರಡೂ ಇಲ್ಲವೇ? ಸೈಟನ್ನು ಮೊದಲೇ ತೆರೆದಿಟ್ಟ ಬ್ರೌಸರ್ ಟ್ಯಾಬ್ ಎಲ್ಲಾದರೂ ಇದೆಯಾ ನೋಡಿ. ರಿಫ್ರೆಶ್ ಮಾತ್ರ ಒತ್ತಬೇಡಿ. ಎಫ್12 ಒತ್ತಿ ಸೋರ್ಸಸ್ ಭಾಗಕ್ಕೆ ಹೋದರೆ ಹಳೆಯ ಸ್ಟೈಲ್‌ಶೀಟ್ ಸಾಮಾನ್ಯವಾಗಿ ಹಾಗೇ ಸಿಗುತ್ತದೆ. ನನಗೆ ಜೀವ ಬಂದದ್ದು ಅಲ್ಲಿಂದಲೇ. ಬೆಳಗ್ಗೆ ತೆರೆದು ಮರೆತಿದ್ದ ಟ್ಯಾಬ್ ಅದು. ಕಾಪಿ ಮಾಡುವಾಗ ಕೈ ನಡುಗುತ್ತಿತ್ತು.

ಇನ್ನು ಮುಂದೆ '>' ಬಿಟ್ಟು ಔಟ್‌ಪುಟ್ ಫ್ಲ್ಯಾಗ್ ಬಳಸಿ. ಹೈಫನ್, ಸಣ್ಣ ಓ, ನಂತರ ಬೇರೆಯದೇ ಒಂದು ಫೈಲಿನ ಹೆಸರು. ಈ ಫ್ಲ್ಯಾಗ್‌ಗೂ ಅದೇ ಹೆಸರು ಕೊಟ್ಟರೆ ಖಾಲಿ ಆಗದಿರಬಹುದು, ಆದರೆ ನಿಮ್ಮ ಮೂಲ ಫೈಲ್ ಒಂದೇ ಸಾಲಿನ ಉದ್ದದ ಹಗ್ಗವಾಗಿ ಹೋಗುತ್ತದೆ, ಕಾಮೆಂಟ್‌ಗಳೂ ಹೋಗುತ್ತವೆ.

ಇಲ್ಲೇ ಇನ್ನೊಂದು ಹೇಳಿಬಿಡುತ್ತೇನೆ. ಸಣ್ಣ ಓ ಅಂದರೆ ಔಟ್‌ಪುಟ್, ದೊಡ್ಡ ಓ ಅಂದರೆ ಎಷ್ಟು ಜೋರಾಗಿ ಕುಗ್ಗಿಸಬೇಕು ಎಂಬ ಮಟ್ಟ. ಫೋಲ್ಡರಿನಲ್ಲಿ '2' ಎಂಬ ಹೆಸರಿನ ವಿಚಿತ್ರ ಫೈಲ್ ಹುಟ್ಟಿಕೊಂಡಿದ್ದರೆ ದೊಡ್ಡದರ ಜಾಗದಲ್ಲಿ ಸಣ್ಣದನ್ನು ಹೊಡೆದಿದ್ದೀರಿ ಅಂತ ಅರ್ಥ. ಅದನ್ನು ಅಳಿಸಿ ಮತ್ತೆ ಓಡಿಸಿ.

## ಎಷ್ಟು ಸಲ ಹಾಕಿದರೂ ಹಳೆಯದೇ ಕಾಣುತ್ತದೆ

ಬಹಳ ಸಲ ಇದು ಕ್ಯಾಶ್, ಅಂದರೆ ಬ್ರೌಸರ್ ಎತ್ತಿಟ್ಟುಕೊಂಡ ಹಳೆಯ ಪ್ರತಿ, ಇನ್ನೇನೂ ಅಲ್ಲ. ಕಂಟ್ರೋಲ್, ಶಿಫ್ಟ್, ಆರ್ ಒಟ್ಟಿಗೆ ಒತ್ತಿ. ನಿಮ್ಮಲ್ಲಿ ಸರಿಯಾಗಿ ಗ್ರಾಹಕರ ಮೊಬೈಲಿನಲ್ಲಿ ಹಳೆಯದೇ ಇದ್ದರೆ ಪುಟದಲ್ಲಿರುವ ಸ್ಟೈಲ್‌ಶೀಟ್ ಲಿಂಕಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಆವೃತ್ತಿ ಸಂಖ್ಯೆ ಬದಲಾಯಿಸಿ. ಅವರಿಗೆ ಫೋನಿನಲ್ಲಿ ಕ್ಯಾಶ್ ಅಳಿಸುವುದು ಹೇಳಿಕೊಡಲು ಕೂತರೆ ಸಂಜೆಯಾಗುತ್ತದೆ.

## ಸಣ್ಣದಾಗುವ ಬದಲು ಫೈಲ್ ದೊಡ್ಡದಾಯಿತು, ಕನ್ನಡ ಹಾಳಾಯಿತು

ಇವೆರಡು ಬೇರೆ ಬೇರೆ ದೂರು ಎನಿಸುತ್ತದೆ. ವಿಂಡೋಸ್‌ನಲ್ಲಿ ಹಲವು ಸಲ ಒಂದೇ ಕಾಯಿಲೆ.

ವಿಂಡೋಸ್ ಜೊತೆಗೇ ಬರುವ ಪವರ್‌ಶೆಲ್ 5.1ರಲ್ಲಿ '>' ಬಳಸಿದರೆ ಫೈಲ್ ಯುಟಿಎಫ್-16 ಎಂಬ ಅಕ್ಷರ ಸಂಕೇತದಲ್ಲಿ ಸೇವ್ ಆಗುತ್ತದೆ. ಒಂದು ಬೈಟಿನಲ್ಲಿ ಮುಗಿಯುತ್ತಿದ್ದ ಇಂಗ್ಲಿಷ್ ಅಕ್ಷರಕ್ಕೆ ಅಲ್ಲಿ ಎರಡು ಬೈಟ್. ಸ್ಟೈಲ್‌ಶೀಟ್ ತುಂಬ ಇರುವುದು ಇಂಗ್ಲಿಷ್ ಅಕ್ಷರವೇ ಆದ್ದರಿಂದ, ಕುಗ್ಗಿದ ಫೈಲ್ ಇರಬೇಕಾದ ಗಾತ್ರಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಆಗುತ್ತದೆ. ಕುಗ್ಗಿಸಿ ಉಳಿಸಿದ್ದೆಲ್ಲ ಅಲ್ಲೇ ಹೋಯಿತು.

ಕನ್ನಡದ ವಿಷಯ ಇನ್ನೂ ಸೂಕ್ಷ್ಮ. ಮೇಳದ ಸೈಟಿನಲ್ಲಿ 'ಇಂದಿನ ಆಟ' ಎಂಬ ತಲೆಬರಹವನ್ನು ನಾನು ಸ್ಟೈಲ್‌ಶೀಟ್ ಒಳಗೇ, ಕಂಟೆಂಟ್ ಎಂಬ ಗುಣದಲ್ಲಿ ಬರೆದಿದ್ದೆ. ಇಂಥ ಅಕ್ಷರ ಕೆಟ್ಟಾಗ ಹೇಗೆ ಕೆಟ್ಟಿದೆ ಎಂದು ಹತ್ತಿರದಿಂದ ನೋಡಬೇಕು. ಎರಡು ತರಹ ಕೆಡುತ್ತದೆ.

ತಲೆಯ ಮೇಲೆ ಓರೆ ಗೀಟು ಇರುವ ಇಂಗ್ಲಿಷ್ ಎ, ಅದರ ಪಕ್ಕ ಮೇಲಕ್ಕೇರಿದ ಪುಟ್ಟ 2 ಅಥವಾ 3, ಈ ಜೋಡಿ ಮತ್ತೆ ಮತ್ತೆ ಕಂಡರೆ ಸಾಮಾನ್ಯವಾಗಿ ಫೈಲ್ ಚೆನ್ನಾಗಿಯೇ ಇರುತ್ತದೆ. ಯುಟಿಎಫ್-8ರಲ್ಲಿ ಒಂದು ಕನ್ನಡ ಅಕ್ಷರಕ್ಕೆ ಮೂರು ಬೈಟ್. ಬ್ರೌಸರ್ ಅವನ್ನು ಮೂರು ಬೇರೆ ಯೂರೋಪಿಯನ್ ಅಕ್ಷರ ಎಂದು ಓದುತ್ತಿದೆ, ಅಷ್ಟೇ. ಪುಟದ ತಲೆಯಲ್ಲಿ ಯುಟಿಎಫ್-8 ಎಂದು ಬರೆದಿದ್ದೀರಾ ನೋಡಿ. ಸ್ಟೈಲ್‌ಶೀಟಿನ ಮೊದಲ ಸಾಲಿನಲ್ಲೂ '@' ಜೊತೆ ಕ್ಯಾರ್‌ಸೆಟ್ ಘೋಷಣೆ ಹಾಕಿ. ಅದು ಫೈಲಿನ ಮೊಟ್ಟಮೊದಲ ಅಕ್ಷರದಿಂದಲೇ ಶುರುವಾಗಬೇಕು. ಮೇಲೆ ಒಂದು ಕಾಮೆಂಟ್ ಇದ್ದರೂ ಬ್ರೌಸರ್ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಗ್ರೀಕ್ ಆಲ್ಫಾ ಮತ್ತು ಚುಕ್ಕೆ ತುಂಬಿದ ಬೂದು ಚೌಕ ಕಂಡರೆ ವಿಷಯ ಬೇರೆ. ನನ್ನ ಯಂತ್ರದಲ್ಲಿ ಕಂಡದ್ದು ಇದು. ಪವರ್‌ಶೆಲ್ ನಡುವೆ ಕೈ ಹಾಕಿ ಬೈಟ್‌ಗಳನ್ನು ಹಳೆಯ ಡಾಸ್ ಕಾಲದ ಅಕ್ಷರ ಕೋಷ್ಟಕದಿಂದ ಓದಿ, ಹಾಗೇ ಬರೆದಿಟ್ಟಿದೆ. ಅಂದರೆ ಫೈಲಿನ ಒಳಗೇ ಹಾಳಾಗಿದೆ. ಯಾವ ಕ್ಯಾರ್‌ಸೆಟ್ ಘೋಷಣೆಯೂ ಇದನ್ನು ಸರಿಮಾಡುವುದಿಲ್ಲ. ಮೂಲದಿಂದ ಮತ್ತೆ ಓಡಿಸಿ, ಈ ಸಲ '>' ಬಿಟ್ಟು ಸಣ್ಣ ಓ ಫ್ಲ್ಯಾಗ್‌ನಿಂದ.

ನಿಜ ಹೇಳಬೇಕೆಂದರೆ, ಓದುಗರಿಗೆ ಬೇಕಾದ ಪದವನ್ನು ಸ್ಟೈಲ್‌ಶೀಟಿನಲ್ಲಿ ಇಡುವುದೇ ಸರಿಯಲ್ಲ. ನಾನು ಆಮೇಲೆ ಅದನ್ನು ಎಚ್‌ಟಿಎಂಎಲ್‌ಗೆ ಸಾಗಿಸಿದೆ.

## ಬಣ್ಣ ಸರಿ, ಚಿತ್ರ ಮತ್ತು ಫಾಂಟ್ ಮಾತ್ರ ಮಾಯ

ಎಫ್12 ಒತ್ತಿ ನೆಟ್‌ವರ್ಕ್ ಭಾಗ ನೋಡಿ. ಚಿತ್ರದ ಮುಂದೆ ಕೆಂಪಾಗಿ 404 ಇದ್ದರೆ ವಿಳಾಸ ತಪ್ಪಿದೆ. ಸ್ಟೈಲ್‌ಶೀಟಿನ ಒಳಗಿನ ಚಿತ್ರದ ದಾರಿ ಶುರುವಾಗುವುದು ಆ ಸ್ಟೈಲ್‌ಶೀಟ್ ಇರುವ ಫೋಲ್ಡರಿನಿಂದ. ಕುಗ್ಗಿಸಿದ ಫೈಲನ್ನು ಒಂದು ಫೋಲ್ಡರ್ ಒಳಗೆ ಇಟ್ಟರೆ ಹಳೆಯ ದಾರಿ ಬೇರೆಲ್ಲೋ ಹೋಗಿ ನಿಲ್ಲುತ್ತದೆ. ಹಳೆಯ ಆವೃತ್ತಿಯಲ್ಲಿ ಸರಿ ಇತ್ತಲ್ಲ ಅಂತ ಕೇಳುವವರಿಗೆ: ಕ್ಲೀನ್-ಸಿಎಸ್‌ಎಸ್ 4ರಲ್ಲಿ ಟೂಲೇ ದಾರಿ ತಿದ್ದಿ ಬರೆಯುತ್ತಿತ್ತು. 5ರಿಂದ ನೀವು 'ವಿತ್-ರಿಬೇಸ್' ಎಂಬ ಆಯ್ಕೆ ಕೊಟ್ಟರೆ ಮಾತ್ರ ತಿದ್ದುತ್ತದೆ. ಎಲ್ಲಕ್ಕಿಂತ ಸುಲಭ, ಕುಗ್ಗಿಸಿದ್ದನ್ನು ಮೂಲ ಫೈಲ್ ಇದ್ದಷ್ಟೇ ಆಳದ ಫೋಲ್ಡರಿನಲ್ಲಿ ಇಡುವುದು.

## ಮೇಲಿನ ಅರ್ಧ ಸರಿ, ಒಂದು ಜಾಗದಿಂದ ಕೆಳಗೆ ಎಲ್ಲ ಕೆಟ್ಟಿದೆ

'ಕುಗ್ಗಿಸುವ ಮೊದಲು ಸರಿ ಇತ್ತು, ಟೂಲೇ ಕೆಡಿಸಿತು' ಎಂದು ಜನ ಜಾಸ್ತಿ ಬೈಯುವುದು ಇಲ್ಲಿ. ನಾನು ಕಂಡ ಮಟ್ಟಿಗೆ ತಪ್ಪು ಮೊದಲೇ ಇತ್ತು, ಬ್ರೌಸರ್ ಮುಚ್ಚಿಟ್ಟಿತ್ತು.

ಮೂರು ಸ್ಟೈಲ್‌ಶೀಟ್ ಇದೆ ಅಂದುಕೊಳ್ಳಿ. ಮೊದಲನೆಯದರ ಕೊನೆಯ ನಿಯಮಕ್ಕೆ ಮುಚ್ಚುವ '}' ಹಾಕಲು ಮರೆತಿದ್ದೀರಿ. ಫೈಲ್ ಮುಗಿದ ಕೂಡಲೇ ತೆರೆದದ್ದನ್ನೆಲ್ಲ ಬ್ರೌಸರ್ ತಾನೇ ಮುಚ್ಚಿಕೊಳ್ಳಬೇಕು ಎಂಬುದು ಸಿಎಸ್‌ಎಸ್ ನಿಯಮ. ಹಾಗಾಗಿ ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಈಗ ಮೂರನ್ನೂ 'ಕ್ಯಾಟ್' ಕಮಾಂಡಿನಿಂದ ಒಂದು ಮಾಡಿದಿರಿ. ಫೈಲ್ ಅಲ್ಲಿ ಮುಗಿಯಲಿಲ್ಲ, ಎರಡನೆಯದು ಶುರುವಾಯಿತು. ತೆರೆದ ಬಾಯಿ ಎರಡನೆಯದನ್ನೂ ಮೂರನೆಯದನ್ನೂ ನುಂಗಿತು.

ಅದೇ ರೀತಿ ಮುಚ್ಚದ ಕಾಮೆಂಟ್. '/*' ಇದೆ, '*/' ಇಲ್ಲ. ಮುಂದಿನ '*/' ಸಿಗುವವರೆಗೆ ಎಲ್ಲ ಕಾಮೆಂಟೇ. ಇನ್ನೊಂದು, ಬೇರೆ ಸ್ಟೈಲ್‌ಶೀಟನ್ನು ಎಳೆದು ತರುವ ಇಂಪೋರ್ಟ್ ಸಾಲು. ಅದು ಫೈಲಿನ ತಲೆಯಲ್ಲೇ ಇರಬೇಕು. ಎರಡನೇ ಫೈಲಿನ ತಲೆಯಲ್ಲಿದ್ದ ಇಂಪೋರ್ಟ್ ಸೇರಿಸಿದ ಮೇಲೆ ನಡುವೆ ಬಿದ್ದು ಲೆಕ್ಕಕ್ಕಿಲ್ಲದಂತೆ ಆಗುತ್ತದೆ. ಗೂಗಲ್ ಫಾಂಟ್ ಬರುತ್ತಿಲ್ಲ ಎಂಬ ದೂರಿಗೆ ಹಲವು ಸಲ ಇದೇ ಕಾರಣ.

ಹುಡುಕುವುದು ಹೀಗೆ. ಮೊದಲು ಟರ್ಮಿನಲ್‌ನಲ್ಲಿ ಬಂದ ಎಚ್ಚರಿಕೆ ಓದಿ. '}' ಕಾಣೆ ಎಂದು ಸಾಲಿನ ಸಂಖ್ಯೆ ಸಮೇತ ಟೂಲ್ ಹೇಳಿರುತ್ತದೆ, ನಾವೇ ನೋಡದೆ ಮುಂದೆ ಹೋಗಿರುತ್ತೇವೆ. ಆ ಸಾಲು ತಪ್ಪು ಬಯಲಾದ ಜಾಗ ಅಷ್ಟೆ, ತಪ್ಪು ಅದಕ್ಕೂ ಮೇಲೆ ಇರಬಹುದು. ಎಚ್ಚರಿಕೆ ಇಲ್ಲದಿದ್ದರೆ ಪುಟ ಕೆಡಲು ಶುರುವಾದ ಜಾಗದ ನಿಯಮ ಯಾವ ಫೈಲಿನದ್ದು ನೋಡಿ, ಅದರ ಹಿಂದಿನ ಫೈಲಿನ ಬಾಲ ಪರೀಕ್ಷಿಸಿ. ಅಲ್ಲೂ ಸಿಗಲಿಲ್ಲ ಎಂದರೆ ಫೈಲಿನ ಒಂದು ನಕಲು ಮಾಡಿಕೊಂಡು ಅರ್ಧ ಕತ್ತರಿಸಿ ಓಡಿಸಿ. ಕೆಟ್ಟ ಅರ್ಧವನ್ನು ಮತ್ತೆ ಅರ್ಧ ಮಾಡಿ. ಸಾವಿರ ಸಾಲಿನ ಫೈಲಾದರೂ ಹತ್ತು ಸಲಕ್ಕೆ ಒಂದು ಸಾಲಿಗೆ ಬಂದು ನಿಲ್ಲುತ್ತೀರಿ.

## ಎಲ್ಲ ಸರಿ, ಒಂದೆರಡು ಕಡೆ ಮಾತ್ರ ಅಳತೆ ಅಥವಾ ಬಣ್ಣ ತಪ್ಪು

ಕಣ್ಣಿಗೆ ತಟ್ಟನೆ ಬೀಳದ ದೋಷ ಇದು. ಇಲ್ಲಿ ಸ್ವಲ್ಪ ತಾಳ್ಮೆ ಬೇಕು.

ಕ್ಲೀನ್-ಸಿಎಸ್‌ಎಸ್‌ಗೆ 0, 1, 2 ಎಂದು ಮೂರು ಮಟ್ಟ. ನೀವು ಏನೂ ಹೇಳದಿದ್ದರೆ 1. ಅದೇ ಫೈಲನ್ನು ಮೂರೂ ಮಟ್ಟದಲ್ಲಿ ಮೂರು ಹೆಸರಿಗೆ ತೆಗೆದು ಒಂದೊಂದಾಗಿ ಪುಟಕ್ಕೆ ಹಾಕಿ ನೋಡಿ. ಖರ್ಚಿಲ್ಲ, ಐದು ನಿಮಿಷ ಸಾಕು.

0ಯಲ್ಲೇ ಕೆಟ್ಟರೆ ಕುಗ್ಗಿಸುವ ಜಾಣತನದ ತಪ್ಪಲ್ಲ. ಮೇಲೆ ಹೇಳಿದ ಬ್ರಾಕೆಟ್, ಅಕ್ಷರ, ದಾರಿ, ಇವುಗಳಲ್ಲೇ ಹುಡುಕಿ.

0 ಸರಿ, 1 ಕೆಟ್ಟಿತು ಎಂದರೆ ಯಾವುದೋ ಒಂದು ಮೌಲ್ಯವನ್ನು ಟೂಲ್ ಚಿಕ್ಕದಾಗಿ ಬರೆಯಲು ಹೋಗಿ ಎಡವಿದೆ. ನೂರು ಶೇಕಡಾದಿಂದ ಇಷ್ಟು ಪಿಕ್ಸೆಲ್ ಕಳೆ ಎಂದು ಲೆಕ್ಕ ಹಾಕುವ 'ಕ್ಯಾಲ್ಕ್' ಬರುವ ಸಾಲುಗಳನ್ನು ಮೊದಲು ನೋಡಿ. ಅದರೊಳಗಿನ ಪ್ಲಸ್, ಮೈನಸ್ ಚಿಹ್ನೆಯ ಎರಡೂ ಬದಿ ಖಾಲಿ ಜಾಗ ಇರಲೇಬೇಕು. ಜಾಗ ಹೋದರೆ ಬ್ರೌಸರ್ ಆ ಸಾಲನ್ನೇ ಬಿಸಾಡುತ್ತದೆ. ಹೊಸ ಟೂಲ್‌ಗಳಿಗೆ ಇದು ಗೊತ್ತು. 2013ರಲ್ಲಿ ಬಂದ ವೈಯುಐ ಕಂಪ್ರೆಸರ್ 2.4.8ರಂಥ ಹಳಬರು ಪ್ಲಸ್ ಸುತ್ತಲಿನ ಜಾಗ ತಿಂದುಬಿಡುತ್ತಿದ್ದರು. 2007ರ ಹೊತ್ತಿನ ಸಿಎಸ್‌ಎಸ್‌ಟೈಡಿಯೂ ಹಾಗೆ, ತನ್ನ ಕಾಲಕ್ಕೆ ಒಳ್ಳೆಯ ಆಸಾಮಿ, ಆದರೆ ಆಮೇಲೆ ಸಿಎಸ್‌ಎಸ್‌ಗೆ ಬಂದದ್ದು ಅದಕ್ಕೆ ತಿಳಿಯದು. ಹಳೆಯ ಪ್ರಾಜೆಕ್ಟ್ ಕೈಗೆ ಬಂದರೆ ಅದರ ಬಿಲ್ಡ್ ಸ್ಕ್ರಿಪ್ಟ್ ತೆರೆದು ಯಾವ ಟೂಲ್, ಯಾವ ಆವೃತ್ತಿ ಎಂದು ಮೊದಲೇ ನೋಡಿಕೊಳ್ಳಿ.

1 ಸರಿ, 2 ಕೆಟ್ಟಿತು ಎಂದರೆ ಅನುಕ್ರಮದ ತಕರಾರು. 2ನೇ ಮಟ್ಟ ದೂರ ದೂರದ ನಿಯಮಗಳನ್ನು ಹತ್ತಿರ ತಂದು ಬೆಸೆಯುತ್ತದೆ. ಸಾಮಾನ್ಯವಾಗಿ ಹಿಂದೆ ಮುಂದೆ ನೋಡಿಯೇ ಸರಿಸುತ್ತದೆ. ಆದರೆ ಅದು ಓದುವುದು ಸ್ಟೈಲ್‌ಶೀಟ್ ಮಾತ್ರ, ನಿಮ್ಮ ಎಚ್‌ಟಿಎಂಎಲ್ ಅಲ್ಲ. ಒಂದೇ ಗುಂಡಿಗೆ 'ಹರಕೆ' ಮತ್ತು 'ಇಂದು' ಎಂಬ ಎರಡು ಕ್ಲಾಸ್ ಇದೆ, ಎರಡೂ ಹಿನ್ನೆಲೆ ಬಣ್ಣ ಹೇಳುತ್ತವೆ, ತೂಕ ಸಮ. ಆಗ ಫೈಲಿನಲ್ಲಿ ಯಾವುದು ಕೊನೆಗೆ ಬಂತೋ ಅದು ಗೆಲ್ಲುತ್ತದೆ. ಆ ಎರಡು ಕ್ಲಾಸ್ ಒಂದೇ ಗುಂಡಿಯ ಮೇಲೆ ಕೂತಿವೆ ಎಂಬುದು ಟೂಲ್‌ಗೆ ಹೇಗೆ ಗೊತ್ತಾಗಬೇಕು?

ಎಲ್ಲಿ ಸರಿಸಿದೆ ಎಂದು ಹಿಡಿಯಲು ಒಂದು ಉಪಾಯ. ಫಾರ್ಮ್ಯಾಟ್ ಆಯ್ಕೆಗೆ 'ಬ್ಯೂಟಿಫೈ' ಕೊಟ್ಟು 1 ಮತ್ತು 2ನೇ ಮಟ್ಟದಲ್ಲಿ ಎರಡು ಫೈಲ್ ತೆಗೆಯಿರಿ. ಸಾಲು ಸಾಲಾಗಿ ಬಿಡಿಸಿ ಬರುತ್ತದೆ. ಆಮೇಲೆ ಎರಡು ಫೈಲಿನ ವ್ಯತ್ಯಾಸ ತೋರಿಸುವ 'ಡಿಫ್' ಹೊಡೆಯಿರಿ. ಒಂದೇ ಸಾಲಿನ ಫೈಲಿನಲ್ಲಿ ಕಣ್ಣು ಹಾಳು ಮಾಡಿಕೊಳ್ಳುವುದು ಯಾಕೆ, ಅಲ್ವಾ?

2ನೇ ಮಟ್ಟದಿಂದ ಸಿಗುವ ಲಾಭ ನನ್ನ ಸೈಟ್‌ಗಳಲ್ಲಿ ಅಷ್ಟೇನೂ ಇಲ್ಲ. ಅರ್ಧ ಗಂಟೆ ಹುಡುಕಿಯೂ ಕಾರಣ ಸಿಗದಿದ್ದರೆ 1ಕ್ಕೆ ಇಳಿದು ಕೆಲಸ ಮುಗಿಸುತ್ತೇನೆ. ನೀವೂ ಹಾಗೇ ಮಾಡಿ, ನಾಚಿಕೆ ಪಡುವಂಥದ್ದೇನಿಲ್ಲ.

## ಪಾಪ್‌ಅಪ್ ಹಿಂದೆ ಹೋಯಿತು, ಮೆನು ತೆರೆದಾಗ ಮಾತ್ರ ಬೋಳು

ಪಾಪ್‌ಅಪ್ ಪುಟದ ಕೆಳಗೆ ಹುದುಗಿದರೆ ಸಿಎಸ್‌ಎಸ್‌ನ್ಯಾನೋ ಎಂಬ ಇನ್ನೊಂದು ಕುಗ್ಗಿಸುವ ಟೂಲಿನ ಹಳೆಯ ಆವೃತ್ತಿ ಇದೆಯಾ ನೋಡಿ. ಅದರ 3ನೇ ಆವೃತ್ತಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ಹೇಳುವ ಝಡ್-ಇಂಡೆಕ್ಸ್ ಸಂಖ್ಯೆಗಳನ್ನು ತಾನಾಗಿಯೇ ಹೊಸದಾಗಿ ಎಣಿಸಿ ಚಿಕ್ಕದು ಮಾಡುತ್ತಿತ್ತು. 4ರಿಂದ ಅದು ತಾನಾಗಿ ನಡೆಯುವುದಿಲ್ಲ.

ಮೆನು ಒತ್ತಿದಾಗ ಮಾತ್ರ ಬೋಳಾಗಿ ತೆರೆದರೆ ಬಳಸದ ಕ್ಲಾಸ್ ತೆಗೆಯುವ ಪರ್ಜ್‌ಸಿಎಸ್‌ಎಸ್‌ನಂಥ ಟೂಲ್ ಓಡಿರಬೇಕು. ನಿಮ್ಮ ಫೈಲ್‌ಗಳಲ್ಲಿ ಆ ಹೆಸರು ಅಕ್ಷರಶಃ ಇದೆಯಾ ಎಂದು ಅದು ಹುಡುಕುತ್ತದೆ. ಜಾವಾಸ್ಕ್ರಿಪ್ಟ್ ಎರಡು ತುಂಡು ಜೋಡಿಸಿ ಹೆಸರು ಹುಟ್ಟಿಸಿದರೆ ಅದಕ್ಕೆ ಕಾಣುವುದಿಲ್ಲ, ಕಸ ಎಂದು ಎಸೆಯುತ್ತದೆ. ಆ ಹೆಸರನ್ನು ಸೇಫ್‌ಲಿಸ್ಟ್‌ಗೆ ಸೇರಿಸಿ.

## ಫೈಲ್ ಚಿಕ್ಕದಾಯಿತು, ಪುಟ ಮಾತ್ರ ನಿಧಾನವೇ

ಟೂಲ್ ತನ್ನ ಕೆಲಸ ಮಾಡಿದೆ, ಇನ್ನು ಸರ್ವರ್ ಕಡೆ ನೋಡಿ. ನೆಟ್‌ವರ್ಕ್ ಭಾಗದಲ್ಲಿ ಸ್ಟೈಲ್‌ಶೀಟ್ ಮೇಲೆ ಒತ್ತಿ, ಬಂದ ಹೆಡರ್‌ಗಳಲ್ಲಿ ಕಂಟೆಂಟ್-ಎನ್‌ಕೋಡಿಂಗ್ ಹುಡುಕಿ. ಅಲ್ಲಿ ಜಿಜಿಪ್ ಅಥವಾ ಬ್ರಾಟ್ಲಿ ಎಂಬ ಒತ್ತುವ ವಿಧಾನದ ಗುರುತು ಇರಬೇಕು. ಇಲ್ಲದಿದ್ದರೆ ಸರ್ವರ್ ಫೈಲನ್ನು ಒತ್ತದೆ ಹಾಗೇ ಕಳಿಸುತ್ತಿದೆ. ಸಾದಾ ಸ್ಟೈಲ್‌ಶೀಟಿನಲ್ಲಿ ಖಾಲಿ ಜಾಗ ತೆಗೆದು ಉಳಿಯುವುದಕ್ಕಿಂತ ಇದರಿಂದ ಉಳಿಯುವುದೇ ಸಾಮಾನ್ಯವಾಗಿ ಜಾಸ್ತಿ.

ಸರ್ವರ್ ತಂತ್ರಾಂಶ ಎಂಜಿನ್‌ಎಕ್ಸ್ ಆದರೆ ಒಂದು ಗುಟ್ಟು. ಜಿಜಿಪ್ ಆನ್ ಮಾಡಿದರೂ ಅದು ತಾನಾಗಿ ಒತ್ತುವುದು ಎಚ್‌ಟಿಎಂಎಲ್ ಮಾತ್ರ. ಜಿಜಿಪ್ ಟೈಪ್ಸ್ ಸಾಲಿನಲ್ಲಿ ಸಿಎಸ್‌ಎಸ್ ಅನ್ನೂ ಬರೆಯಬೇಕು. ಸರ್ವರ್ ನಿಮ್ಮದೇ ಆದರೆ ಸಂರಚನೆ ಫೈಲಿನ ಪ್ರತಿ ತೆಗೆದು, ಬದಲಾಯಿಸಿ, ಪರೀಕ್ಷಾ ಕಮಾಂಡ್ ಓಡಿಸಿ, ಸರಿ ಎಂದ ಮೇಲೆ ರಿಲೋಡ್ ಮಾಡಿ. ಹಂಚಿಕೊಂಡ ಹೋಸ್ಟಿಂಗ್ ಆದರೆ ಇಲ್ಲಿಗೆ ನಿಲ್ಲಿಸಿ, ಆ ಹೆಡರಿನ ಸ್ಕ್ರೀನ್‌ಶಾಟ್ ಹಾಕಿ ಅವರಿಗೊಂದು ಮೇಲ್ ಕಳಿಸಿ.

ಟೂಲಿನದ್ದೇ ತಪ್ಪು ಅನಿಸಿದರೆ ಅದನ್ನು ಬರೆದವರಿಗೆ ತಿಳಿಸಬಹುದು. ಇಡೀ ಸ್ಟೈಲ್‌ಶೀಟ್ ಕಳಿಸಬೇಡಿ, ಅದು ಗ್ರಾಹಕರ ಸೊತ್ತು, ಓದಲು ಯಾರಿಗೂ ಪುರುಸೊತ್ತೂ ಇಲ್ಲ. ಅರ್ಧ ಅರ್ಧ ಕತ್ತರಿಸಿ ಹತ್ತು ಸಾಲಿಗೆ ಇಳಿಸಿ. ಆ ಹತ್ತು ಸಾಲು, ಹೊಡೆದ ಕಮಾಂಡ್, ಬಂದದ್ದು, ಬರಬೇಕಾಗಿದ್ದದ್ದು, ಟೂಲಿನ ಮತ್ತು ನೋಡ್‌ನ ಆವೃತ್ತಿ ಬರೆಯಿರಿ. ನಾನು ಎರಡು ಸಲ ಹೀಗೆ ಬರೆಯಲು ಕೂತಿದ್ದೆ. ಎರಡು ಸಲವೂ ಹತ್ತು ಸಾಲಿಗೆ ಇಳಿಸುವಾಗಲೇ ನನ್ನ ತಪ್ಪು ಕಂಡು, ಬರೆದದ್ದನ್ನು ಅಳಿಸಿ ಚಾ ಕುಡಿಯಲು ಹೋದೆ.